ನೆಲಮಾಳಿಗೆಯಲ್ಲೊಂದು ಮಧ್ಯಾಹ್ನದ ನಿದ್ದೆ

ಕಂದು ಕೋಟಿನ ಕಾಲರಿನ ಮೇಲೆ ಹಸಿರು ಬೆಳೆದಿತ್ತು.

ವಫೀಕಾ ಅದನ್ನು ಬೆಳಕಿಗೆ ಹಿಡಿದಳು. ಊದಿದಳು, ಹೋಗಲಿಲ್ಲ. ತಿಕ್ಕಿದಳು, ಬೆರಳೂ ಹಸಿರಾಯಿತು. ಕೋಟಿನ ಒಡತಿ, ಹಲ್ಲಿನ ಡಾಕ್ಟರ ಹೆಂಡತಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲ ಮೇಲೆಯೇ ನಿಂತಿದ್ದಳು. ನೆಲಮಾಳಿಗೆಯ ಒಳಗೆ ಕಾಲಿಡುವ ಮನಸ್ಸು ಅವಳಿಗೆ ಇದ್ದಂತಿರಲಿಲ್ಲ.

“ನಾನು ಕೊಟ್ಟಿದ್ದು ಕೋಟು ಕಣಮ್ಮ. ನೀವು ವಾಪಸ್ ಕೊಡ್ತಿರೋದು ಹುಲ್ಲುಗಾವಲು.”

“ಬಿಸಿಲಿಗೆ ಹಾಕಿ ಬ್ರಷ್ ಹೊಡೆದು ಕೊಡ್ತೀನಿ...”

“ಬೇಡ. ಅದ್ರಲ್ಲಿ ಕುರಿ ಮೇಯಿಸ್ಕೋತೀನಿ.”

ಕೋಟು ಕಿತ್ತುಕೊಂಡು ಹೋದಳು. ಸಂಜೆಯೊಳಗೆ ಕಾಜಿಮಿಯಾದ ಆ ಗಲ್ಲಿಯ ಪ್ರತಿ ಮನೆಗೂ ಹುಲ್ಲುಗಾವಲಿನ ಸುದ್ದಿ ಮುಟ್ಟಿತ್ತು.

ಆ ವರ್ಷಗಳಲ್ಲಿ ಬಗ್ದಾದಿನಲ್ಲಿ ಹೊಸ ಕೋಟು ಕೊಳ್ಳುವವರೇ ಇರಲಿಲ್ಲ. ದಿಗ್ಬಂಧನದ ವರ್ಷಗಳು. ಹಳೆಯ ಕೋಟನ್ನು ಎಳೆ ಎಳೆಯಾಗಿ ಬಿಚ್ಚಿ, ಮಾಸಿದ ಮೇಲ್ಮೈಯನ್ನು ಒಳಗೆ ಹಾಕಿ, ಬಿಸಿಲನ್ನೇ ಕಾಣದ ಒಳಮೈಯನ್ನು ಹೊರಗೆ ತಂದು ಹೊಲಿಸಿಕೊಳ್ಳುತ್ತಿದ್ದರು. ಹಾಗೆ ಮಗುಚಿದ ಕೋಟನ್ನು ಗುರುತಿಸುವುದು ಸುಲಭ, ಎದೆಯ ಜೇಬು ಬಲಕ್ಕೆ ಬಂದಿರುತ್ತದೆ. ಚಳಿಗಾಲ ಬಂತೆಂದರೆ ಅರ್ಧ ಬಗ್ದಾದಿನ ಜೇಬು ಬಲಗಡೆಗೆ ಇರುತ್ತಿತ್ತು. ಅದರಲ್ಲಿ ಒಂದಿಷ್ಟು ವಫೀಕಾಳ ಕೈಯದು. ಜನ ಕೋಟು ತಂದುಕೊಡುತ್ತಿದ್ದದ್ದು ಬೇಸಿಗೆಯಲ್ಲಿ. ಆದರೆ ಬೇಸಿಗೆಯಲ್ಲಿ ಮೇಲಿನ ಕೋಣೆಗಳು ರೊಟ್ಟಿಯ ಒಲೆಯಂತೆ ಕಾಯುತ್ತಿದ್ದವು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಏರ್ ಕೂಲರ್ ಕೆಟ್ಟರೆ ಅದರ ಬಿಡಿಭಾಗ ಸಿಗುತ್ತಿರಲಿಲ್ಲ. ಬೆವರಿದ ಕೈಯಲ್ಲಿ ಉಣ್ಣೆ ಮುಟ್ಟುವಂತಿಲ್ಲ. ಅದಕ್ಕೇ ಅವಳು ಮೂರು ಕಾಲ್ತುಳಿ ಮಷೀನುಗಳನ್ನು ನೆಲಮಾಳಿಗೆಗೆ ಇಳಿಸಿದ್ದು. ಅಲ್ಲಿ ಬಿಸಿಲಿರಲಿಲ್ಲ. ಅಲ್ಲಿದ್ದದ್ದು ನೀರು, ಹನಿಯಾಗಿ ಅಲ್ಲ, ಹೊಳೆಯಾಗಿಯೂ ಅಲ್ಲ, ಬರೀ ಉಸಿರಾಗಿ. ದಿಜ್ಲಾ ನದಿ ನಾಲ್ಕು ಗಲ್ಲಿ ಆಚೆ ಹರಿಯುತ್ತಿದ್ದರೂ ರಾತ್ರಿಯಿಡೀ ಈ ಗೋಡೆಗಳೊಳಗೆ ಬಂದು ಕೂತಿರುತ್ತಿತ್ತು.

ಮರುದಿನ ತಮ್ಮ ಹಿಕ್ಮತ್ ಬಂದ. ಸರಕಾರಿ ಕಚೇರಿಯ ಗುಮಾಸ್ತ, ಸಂಜೆಯ ಮೇಲೆ ಟ್ಯಾಕ್ಸಿ ಡ್ರೈವರ್. ದಪ್ಪ ಮನುಷ್ಯ. ನದಿಯಾಚೆಯ ಹೊಸ ಬಡಾವಣೆಯಲ್ಲಿ ಕಾಂಕ್ರೀಟಿನ ಮನೆ. ಅಪ್ಪ ಬಿಟ್ಟುಹೋದ ಈ ಮನೆಯಲ್ಲಿ ಎರಡು ಪಾಲು ಅವನದು, ಒಂದು ಅಕ್ಕನದು. ಗೋಡೆಗೆ ಅಂಗೈ ಒತ್ತಿ, ಒದ್ದೆಯಾದ ಕೈಯನ್ನು ಅವಳ ಮುಖದ ಮುಂದೆ ಹಿಡಿದ.

“ಅಕ್ಕಾ, ಇದು ಮನೆಯಲ್ಲ, ಸ್ಪಂಜು. ಹಿಂಡಿದ್ರೆ ಅರ್ಧ ದಿಜ್ಲಾ ಬರುತ್ತೆ.”

“ಹಿಂಡೋ ಅಷ್ಟು ಶಕ್ತಿ ನಿನ್ನ ಕೈಯಲ್ಲಿ ಯಾವತ್ತಿತ್ತು?”

“ತಮಾಷೆ ಸಾಕು. ಹಾಜಿ ರಜೂಕಿ ಮತ್ತೆ ಕೇಳಿದಾನೆ. ಇದನ್ನ ಕೆಡವಿ ಟೈರಿನ ಗೋದಾಮು ಕಟ್ತಾನಂತೆ. ನಿಂಗೆ ನಮ್ಮ ಮನೆ ಹಿಂದೇನೇ ಒಂದು ಕೋಣೆ ನೋಡಿದೀನಿ, ನಾಲ್ಕನೇ ಮಹಡೀಲಿ.”

“ಮೂರು ಮಷೀನು ಎಲ್ಲಿಡ್ಲಿ? ನಿನ್ನ ಹೊಟ್ಟೆ ಮೇಲಾ?”

“ಹೊಲಿಗೆ ಬಿಡು. ನಿನ್ನೆಯಿಂದ ನಿನ್ನ ಹತ್ರ ಕೋಟು ತರೋರಾದ್ರೂ ಯಾರು?”

ಅದು ನಾಟಿತು. ನಲವತ್ತಾರು ವರ್ಷದಲ್ಲಿ ವಫೀಕಾ ಗಂಡನನ್ನಾಗಲಿ ಮಕ್ಕಳನ್ನಾಗಲಿ ಸಂಪಾದಿಸಿರಲಿಲ್ಲ. ಸಂಪಾದಿಸಿದ್ದು ಈ ಮಷೀನುಗಳು, ಒಂದು ಹೆಸರು, ಮತ್ತು ಬೆಳಿಗ್ಗೆ ಎದ್ದರೆ ಇಳಿದು ಹೋಗಲು ಒಂದು ಜಾಗ. ನಾಲ್ಕನೇ ಮಹಡಿಯ ಕೋಣೆಯಲ್ಲಿ ಅವಳು ಯಾರು? ಹಿಕ್ಮತ್‌ನ ಅಕ್ಕ. ಅಷ್ಟೇ.

“ಅಪ್ಪ ಬೇಸಿಗೆ ಮಧ್ಯಾಹ್ನ ಇಲ್ಲೇ ಮಲಗ್ತಿದ್ದ,” ಎಂದಳು.

“ಅಪ್ಪನ ಕಾಲ ಬೇರೆ. ನಂಗೆ ಮನೇಲಿ ಕೂಲರ್ ಮುಂದೆನೇ ನಿದ್ದೆ ಬರಲ್ಲ. ಬೇಸಿಗೆ ಪೂರ್ತಿ ಗೂಬೆ ಥರ ಕೂತಿರ್ತೀನಿ. ಇಲ್ಲಿ ಬರುತ್ತಾ?”

“ಬಂದ್ರೆ?”

“ಏನು ಬಂದ್ರೆ?”

“ತಮ್ಮೂಜ್ ತಿಂಗಳ ನಡುವೆ ಬಾ. ನೆತ್ತಿ ಸುಡೋ ದಿನ ನೀನೇ ಆರಿಸ್ಕೋ. ಮಧ್ಯಾಹ್ನದ ಜುಹರ್ ಬಾಂಗ್ ಆದಮೇಲೆ ಇಲ್ಲಿ ಮಲಗು. ಬಿಸಿಲು ಅಂಗಳ ಬಿಟ್ಟು ಗೋಡೆ ಹತ್ತೋವರೆಗೂ ನಿದ್ದೆ ಮಾಡಿದ್ರೆ, ಮನೆ ಮಾರೋ ಮಾತು ಮತ್ತೆ ಎತ್ತಕೂಡದು. ನಿದ್ದೆ ಬರಲಿಲ್ಲ ಅಂದ್ರೆ, ಹೆಬ್ಬೆಟ್ಟು ಎಲ್ಲಿ ಒತ್ತಬೇಕು ತೋರಿಸು, ಒತ್ತಿಬಿಡ್ತೀನಿ.”

ಹಿಕ್ಮತ್ ಹೊಟ್ಟೆ ಕುಲುಕುವಂತೆ ನಕ್ಕ. ಗುಂಡಿ ಹೊಲಿಯುತ್ತ ಮೂಲೆಯಲ್ಲಿ ಕೂತಿದ್ದ ಸಬ್ರಿಯಾಳನ್ನು ಸಾಕ್ಷಿಯಾಗಿ ಕರೆದ. ಸಬ್ರಿಯಾ ಪಕ್ಕದ ಗಲ್ಲಿಯ ವಿಧವೆ, ವಫೀಕಾಳ ಜೊತೆಗಾತಿ. ಬಾಯಿಗೆ ಗುಂಡಿಯೂ ಇಲ್ಲ, ಕಾಜವೂ ಇಲ್ಲ.

“ನಾನು ಸಾಕ್ಷಿ,” ಎಂದಳು ಸಬ್ರಿಯಾ. “ಆದ್ರೆ ವಫೀಕಾ, ನಿನ್ನ ತಲೆ ಕೆಟ್ಟಿದೆ ಅನ್ನೋದಕ್ಕೂ ನಾನೇ ಸಾಕ್ಷಿ.”

*

ಮೊದಲು ಬಣ್ಣ ಕೆರೆದರು. ಕಲೆ ಕಾಣದಿರಲಿ ಎಂದು ಅಪ್ಪ ಯಾವಾಗಲೋ ಸೊಂಟದೆತ್ತರಕ್ಕೆ ಹಸಿರು ಎಣ್ಣೆಬಣ್ಣ ಬಳಿಸಿದ್ದ. ಮೊಂಡು ಚಾಕು ತಾಗಿಸಿದರೆ ಸಾಕು, ಅದು ಬೇಯಿಸಿದ ಬದನೆಯ ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ಹಿಂದೆ ಇಟ್ಟಿಗೆಯ ಮೈಮೇಲೆ ನೀರು ಮುತ್ತುಮುತ್ತಾಗಿ ನಿಂತಿತ್ತು. ಎಷ್ಟು ವರ್ಷದಿಂದ ಹೊರಬರಲು ಕಾದಿತ್ತೋ.

ಆಮೇಲೆ ಬಾದ್ಗೀರು. ಅಂಥ ಮನೆಗಳಿಗೆಲ್ಲ ಅದಿರುತ್ತದೆ: ತಾರಸಿಯ ಮೇಲೆ ವಾಯವ್ಯಕ್ಕೆ ಬಾಯಿ ತೆರೆದ ಒಂದು ಗೂಡು, ಅಲ್ಲಿಂದ ದಪ್ಪ ಗೋಡೆಯ ಹೊಟ್ಟೆಯೊಳಗೇ ಇಳಿದು ಬರುವ ಕೊಳವೆ, ಕೆಳಗೆ ನೆಲಮಾಳಿಗೆಯಲ್ಲಿ ಬೀರುವಿನಷ್ಟು ಅಗಲದ ಗೂಡು. ಮೇಲೆ ಬೀಸುವ ಗಾಳಿಯನ್ನು ಹಿಡಿದು ಕೆಳಗಿಳಿಸುವುದಷ್ಟೇ ಅದರ ಕೆಲಸ. ಇವರ ಬಾದ್ಗೀರಿನ ಕೆಳಗೂಡಿನಲ್ಲಿ ತಲೆ ಹಾಕಿ ನೋಡಿದರೆ ಆಕಾಶ ಕಾಣಬೇಕಿತ್ತು. ಕಂಡದ್ದು ಕತ್ತಲೆ.

“ಯಾರೋ ಸತ್ತಿದಾರೆ ಒಳಗೆ,” ಎಂದಳು ಸಬ್ರಿಯಾ.

ಖರ್ಜೂರದ ಗರಿಯ ದಿಂಡಿಗೆ ಕೊಕ್ಕೆ ಕಟ್ಟಿ ವಫೀಕಾ ಮೇಲಕ್ಕೆ ಚುಚ್ಚಿದಳು. ಏನೋ ಸಿಕ್ಕಿತು. ಇಬ್ಬರೂ ಕಾಲೂರಿ ಎಳೆದರು. ಸಬ್ರಿಯಾ ಸೂಲಗಿತ್ತಿಯಂತೆ “ತಳ್ಳು ತಾಯಿ, ತಳ್ಳು” ಎಂದು ಗೋಡೆಗೆ ಧೈರ್ಯ ಹೇಳುತ್ತಿದ್ದಳು. ಮಸಿ, ಗರಿ, ಪಾರಿವಾಳದ ಹಿಕ್ಕೆಯ ಜೊತೆಗೆ ಧೊಪ್ಪೆಂದು ಕೆಳಗೆ ಬಿದ್ದದ್ದು ಒಂದು ಹತ್ತಿ ರಜಾಯಿ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಅಮ್ಮನ ಮದುವೆಯ ಹಾಸಿಗೆ.

ವಫೀಕಾಳಿಗೆ ನೆನಪಾಯಿತು. ಯುದ್ಧದ ಆ ಜನವರಿ. ವಿಷಗಾಳಿ ಬರುತ್ತದೆ ಎಂದು ಊರೆಲ್ಲ ಕಿಟಕಿಗಳಿಗೆ ಟೇಪು ಅಂಟಿಸಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಕೂತಿತ್ತು. ಬಾದ್ಗೀರನ್ನು ಮುಚ್ಚಲು ಅಪ್ಪ ಮನೆಯಲ್ಲಿದ್ದ ಅತ್ಯಂತ ದಪ್ಪ ಹಾಸಿಗೆಗಳನ್ನೇ ತಾರಸಿಯಿಂದ ತುರುಕಿದ್ದ. ಹಾಸಿಗೆ ಕಳೆದುಕೊಂಡವರು ಚಳಿಯಲ್ಲಿ ನಡುಗಿದರು. ವಿಷಗಾಳಿ ಬರಲಿಲ್ಲ. ಯುದ್ಧ ಮುಗಿದ ಮೇಲೆ ಎಲ್ಲರೂ ಟೇಪು ಕಿತ್ತರು. ಗೋಡೆಯೊಳಗಿನ ಹಾಸಿಗೆ ಯಾರ ನೆನಪಿಗೂ ಬರಲಿಲ್ಲ. ಅಪ್ಪ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದ, ಬೇರೆ ಹಾಸಿಗೆ.

ಈಗ ಕೊಳವೆಯ ತುದಿಯಲ್ಲಿ ಬೆರಳಗಲ ಆಕಾಶ ಕಂಡಿತು. ವಫೀಕಾ ಬಿಳಿಯ ದಾರವೊಂದನ್ನು ಗೂಡಿನ ಬಾಯಿಗೆ ಇಳಿಬಿಟ್ಟು ಕಟ್ಟಿದಳು. ಗಾಳಿ ಬಂದರೆ ಅಲ್ಲಾಡಬೇಕು.

ಅಲ್ಲಾಡಲಿಲ್ಲ. ಸಬ್ರಿಯಾ ಊದಿದಾಗ ಮಾತ್ರ ಅಲ್ಲಾಡಿತು.

*

ಮಾರನೆಯ ಬೆಳಿಗ್ಗೆ ರೊಟ್ಟಿಗೆ ಹಚ್ಚಿಕೊಳ್ಳಲು ಸಬ್ರಿಯಾ ಖರ್ಜೂರದ ಪಾಕದ ಹೊಸ ಡಬ್ಬಿ ತೆಗೆದಳು. ಮೊಳೆಯಿಂದ ಒಂದು ತೂತು ಹೊಡೆದು ತಟ್ಟೆಯ ಮೇಲೆ ಬಗ್ಗಿಸಿದರೆ ಪಾಕ ಒಂದು ತೊಟ್ಟು ಬಂದು ನಿಂತಿತು. ಗುಳುಕ್ ಎಂದಿತು. ಮತ್ತೆ ನಿಂತಿತು. “ಥೂ ಜಿಪುಣ,” ಎಂದು ಡಬ್ಬಿಯನ್ನು ಬೈದು, ಅವಳು ಎದುರು ಅಂಚಿನಲ್ಲಿ ಇನ್ನೊಂದು ತೂತು ಹೊಡೆದಳು. ಪಾಕ ದಾರದಂತೆ ಇಳಿಯಿತು.

ವಫೀಕಾಳ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

“ಏನೇ? ಹಲ್ಲು ನೋವಾ?”

“ಎರಡನೇ ತೂತು,” ಎಂದಳು ವಫೀಕಾ. “ಒಳಗಿರೋ ಗಾಳಿ ಹೊರಗೆ ಹೋಗ್ದೆ ಹೊಸದು ಹೇಗೆ ಬರುತ್ತೆ? ಕಿಟಕಿ ಎಲ್ಲೇ ಹೋಯ್ತು?”

ಚಿಕ್ಕಂದಿನಲ್ಲಿ ನೆಲಮಾಳಿಗೆಯ ಮೇಲುಗೋಡೆಯಲ್ಲಿ, ಅಂಗಳದ ನೆಲಕ್ಕೆ ಅಂಟಿದಂತೆ, ಅರ್ಧಚಂದ್ರದ ಒಂದು ಕಿಟಕಿ ಇತ್ತು. ಒಳಗಿನಿಂದ ನೋಡಿದರೆ ಅಂಗಳದಲ್ಲಿ ಓಡಾಡುವವರ ಕಾಲು ಮಾತ್ರ ಕಾಣುತ್ತಿತ್ತು. ಹಿಕ್ಮತ್ ತನ್ನ ಮದುವೆಯ ವರ್ಷ, ಬಂದ ಹೆಂಗಸರ ಚಪ್ಪಲಿಯ ಹಿಮ್ಮಡಿ ಅದರ ಸರಳಿಗೆ ಸಿಕ್ಕಿಕೊಳ್ಳುತ್ತದೆ ಎಂದು ಅದನ್ನು ಮುಚ್ಚಿಸಿ, ಅಂಗಳಕ್ಕೆಲ್ಲ ಹೂವಿನ ಟೈಲು ಹಾಕಿಸಿದ್ದ. ಇಬ್ಬರು ಹೆಂಗಸರೂ ಸುತ್ತಿಗೆ ಹಿಡಿದರು. ಹೂವುಗಳು ಒಂದೊಂದಾಗಿ ಸಿಡಿದವು.

ಮಧ್ಯಾಹ್ನದ ಹೊತ್ತಿಗೆ ಕಿಟಕಿ ತೆರೆಯಿತು, ನೆಲಮಾಳಿಗೆಗೆ ಬೆಳಕಿನ ಒಂದು ಹೋಳು ಬಿತ್ತು, ದಾರ ಅಲುಗಿತು. ಸಬ್ರಿಯಾ ಚಪ್ಪಾಳೆ ತಟ್ಟಿದಳು. ವಫೀಕಾ ತಟ್ಟಲಿಲ್ಲ. ದಾರ ಕೋಣೆಯ ಕಡೆಗೆ ಬಾಗಬೇಕಿತ್ತು. ಅದು ಬಾದ್ಗೀರಿನ ಒಳಕ್ಕೆ, ಮೇಲಕ್ಕೆ ಹಾರುತ್ತಿತ್ತು. ಗಾಳಿ ತಲೆಕೆಳಗಾಗಿ ಓಡುತ್ತಿತ್ತು: ಅಂಗಳದ ಬಿಸಿಗಾಳಿ ಕಿಟಕಿಯಿಂದ ಒಳಗೆ, ಬಾದ್ಗೀರಿನಿಂದ ಹೊರಗೆ. ಅಂಗಳದಲ್ಲಿ ಬಟ್ಟೆ ಒಗೆದದ್ದಿತ್ತು, ಅದರ ಹಬೆಯೂ ಜೊತೆಗೆ ಬಂತು. ತಣ್ಣಗಿನ ಗೋಡೆಗೆ ಬಿಸಿ ಹಬೆ ತಾಗಿದರೆ ಏನಾಗಬೇಕೋ ಅದೇ ಆಯಿತು. ವಾರದೊಳಗೆ ಗೋಡೆಗಳಿಂದ ನೀರು ಸಾಲುಸಾಲಾಗಿ ಇಳಿಯತೊಡಗಿತು.

“ಮೊದಲು ಬರೀ ಕಣ್ಣು ಒದ್ದೆ ಮಾಡ್ಕೊಂಡಿತ್ತು,” ಎಂದಳು ಸಬ್ರಿಯಾ. “ಈಗ ಬಿಕ್ಕಿ ಬಿಕ್ಕಿ ಅಳ್ತಾ ಇದೆ. ನಾವು ಏನಾದ್ರೂ ಅಂದ್ವಾ ಅದಕ್ಕೆ?”

ಹಿಕ್ಮತ್ ಬಂದು ಒಡೆದ ಟೈಲು ನೋಡಿ ತಲೆ ಚಚ್ಚಿಕೊಂಡ. ಗೋಡೆ ನೋಡಿದ ಮೇಲೆ ಮುಖ ಅರಳಿತು. ಮುಂದಿನ ಶನಿವಾರ ಬರುತ್ತೇನೆ, ಹಾಜಿ ರಜೂಕಿಗೂ ಅದೇ ಸಂಜೆ ಬರಲು ಹೇಳಿದ್ದೇನೆ ಎಂದ. ಹೋಗುವಾಗ ಅಕ್ಕನ ತಲೆ ಸವರಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

*

ಸಂಜೆ ಅವಳು ದಾರದುಂಡೆ ಹಿಡಿದು ತಾರಸಿ ಹತ್ತಿದಳು. ಕೆಳಗಿನಿಂದ ನೋಡಿದ್ದಾಯಿತು, ಮೇಲಿನಿಂದ ನೋಡಿರಲಿಲ್ಲ. ಬಾದ್ಗೀರಿನ ಬಾಯಿಗೆ ದಾರ ಹಿಡಿದಳು. ಅದು ಒಳಗಿನಿಂದ ಅವಳ ಮುಖಕ್ಕೆ ಹಾರಿತು. ಸುತ್ತ ಗಾಳಿಯ ಸುಳಿವಿಲ್ಲ. ಬೇಸತ್ತು ತಾರಸಿಯ ಇನ್ನೊಂದು ಅಂಚಿಗೆ ನಡೆದಳು. ಅಲ್ಲಿ ಗಾಳಿ ತಲೆವಸ್ತ್ರವನ್ನೇ ಕಿತ್ತುಕೊಂಡು ಹೋಗಲು ಬಂತು. ವಾಪಸ್ ಬಂದಳು, ಗಾಳಿ ನಿಂತಿತು. ಮತ್ತೆ ಹೋದಳು, ಬೀಸಿತು. ಆಗ ತಲೆಯೆತ್ತಿ ನೋಡಿದಳು.

ಪಕ್ಕದ ಮನೆಯ ತಾರಸಿಯ ಅಂಚಿಗೆ, ಬಾದ್ಗೀರಿನ ಮೂಗಿಗೆ ಸರಿಯಾಗಿ, ಆಳೆತ್ತರದ ತಗಡಿನ ಗೋಡೆ. ಇಪ್ಪತ್ತು ವರ್ಷದಿಂದ ಅಲ್ಲೇ ಇತ್ತು. ಇಪ್ಪತ್ತು ವರ್ಷ ನೋಡುತ್ತ ಬಂದದ್ದು ಕಣ್ಣಿಗೆ ಕಾಣುವುದಿಲ್ಲ.

“ಬದ್ರಿಯಾ! ಓ ಬದ್ರಿಯಾ!”

ತಗಡಿನ ಮೇಲೆ ಒಂದು ತಲೆ ಮೂಡಿತು. ಬದ್ರಿಯಾ ಮೂರು ಹೆಣ್ಣುಮಕ್ಕಳ ತಾಯಿ. ಆ ಹೊತ್ತಿಗೆ ತಾರಸಿಗೆ ನೀರು ಚಿಮುಕಿಸಿ, ರಾತ್ರಿಗೆ ಹಾಸಿಗೆ ಬಿಡಿಸುತ್ತಿದ್ದಳು. ಬೇಸಿಗೆಯಲ್ಲಿ ಗಲ್ಲಿಯೆಲ್ಲ ಮಲಗುವುದು ತಾರಸಿಯ ಮೇಲೆಯೇ.

“ಈ ತಗಡು ತೆಗೀಬೇಕು ಕಣೇ.”

“ಹೂಂ. ಆಮೇಲೆ ನನ್ನ ಹುಡುಗೀರನ್ನ ಬೀದೀಲೇ ಮಲಗಿಸ್ಲಾ?”

“ನನ್ನ ಗಾಳಿ ನಿನ್ನ ತಗಡಿಗೆ ಬಡಿದು ನಿಂತಿದೆ.”

“ತಗಡು ಯಾಕೆ ಹಾಕಿಸಿದ್ದು ಗೊತ್ತೇನು? ನಿನ್ನ ತಮ್ಮನಿಂದ!” ಬದ್ರಿಯಾಳ ದನಿ ಗಲ್ಲಿಯ ಆಚೆ ತುದಿಗೂ ಕೇಳುವಂತಿತ್ತು. “ಪಾರಿವಾಳ ಹಾರಿಸ್ತಿದ್ದನಲ್ಲ ಆ ಪುಣ್ಯಾತ್ಮ! ದಿನಾ ಸಂಜೆ ಇಲ್ಲೇ, ಕೈಯಲ್ಲಿ ಕೋಲು, ಬಾಯಲ್ಲಿ ಸೀಟಿ. ಪಾರಿವಾಳ ಆಕಾಶದಲ್ಲಿ, ಇವನ ಕಣ್ಣು ನಮ್ಮ ತಾರಸೀಲಿ. ಪಾರಿವಾಳದವನ ಸಾಕ್ಷೀನ ಕೋರ್ಟಲ್ಲೂ ತಗೊಳ್ಳಲ್ಲ ಕಣೇ, ನಾನು ತಗೊಳ್ತೀನಾ?”

ವಫೀಕಾಳಿಗೆ ನಗು ತಡೆಯಲಾಗಲಿಲ್ಲ. ಅಲ್ಲೇ ಕುಸಿದು ಕೂತು ನಕ್ಕಳು. ಕಿಟಕಿ ಮುಚ್ಚಿದ್ದು ಅವನು. ಗಾಳಿ ನಿಲ್ಲಿಸಿದ್ದೂ ಅವನೇ. ಮಾರಬೇಕು ಎನ್ನುವವನೂ ಅವನೇ. ತಿಳಿಯದೆ ಮಾಡಿದ್ದರಲ್ಲಿ ಇಷ್ಟು ಅಚ್ಚುಕಟ್ಟು!

“ನಗು, ನಗು,” ಎಂದಳು ಬದ್ರಿಯಾ. ಆದರೆ ಅವಳೂ ನಗುತ್ತಿದ್ದಳು.

“ಬದ್ರಿಯಾ, ನನ್ನ ಕಣ್ಣಲ್ವಾ ನೀನು. ಅವನೀಗ ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತಾನೆ. ಪಾರಿವಾಳ ಹಾರಿಸೋದಿರ್ಲಿ, ಅವನನ್ನೇ ಯಾರಾದ್ರೂ ಎತ್ತಬೇಕು. ತಗಡಿನ ಬದಲು ಬೇರೇನಾದ್ರೂ ಹಾಕಿಕೊಟ್ರೆ?”

“ಕಣ್ಣು ದಾಟಬಾರದು. ಅದೊಂದೇ ನನ್ನ ಮಾತು. ನೊಣದ ಕಣ್ಣೂ ದಾಟಬಾರದು.”

ಕಣ್ಣು ದಾಟಬಾರದು, ಗಾಳಿ ದಾಟಬೇಕು. ವಫೀಕಾ ಆ ಮಾತನ್ನು ಕೆಳಗೆ ತಂದು ಮೇಜಿನ ಮೇಲೆ ಹರಡಿಕೊಂಡು ಕೂತಳು. ಮುಂದೆ ಒಂದು ಬಿಚ್ಚಿದ ಕೋಟು: ಮೇಲ್ಬಟ್ಟೆ, ಒಳಬಟ್ಟೆ. ಮೇಲ್ಬಟ್ಟೆಯ ಹೊಲಿಗೆ ಬರುವ ಕಡೆ ಒಳಬಟ್ಟೆಯ ಹೊಲಿಗೆ ಬರದಂತೆ ನೋಡಿಕೊಳ್ಳಬೇಕು ಎಂದು ಅವಳು ಕಲಿಯಲು ಬಂದ ಹುಡುಗಿಯರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದಳು. ಒಂದರ ಸಂದಿಗೆ ಇನ್ನೊಂದರ ಮೈ ಕೂರಬೇಕು.

ಬುಟ್ಟಿ, ಗೂಡು ಹೆಣೆಯುವವನ ಅಂಗಡಿಗೆ ಬೆಳಿಗ್ಗೆಯೇ ಓಡಿದಳು. ಖರ್ಜೂರದ ಗರಿಯ ದಿಂಡಿನಿಂದ ಮಂಚ, ಕೋಳಿಗೂಡು, ಟೊಮೇಟೊ ಬುಟ್ಟಿ ಎಲ್ಲ ಮಾಡುವವನು ಅವನು. ದಿಂಡುಗಳನ್ನು ಉದ್ದಕ್ಕೆ ನಿಲ್ಲಿಸಿದ ಚೌಕಟ್ಟು, ಒಂದರ ಹಿಂದೆ ಒಂದು, ಎರಡು ಸಾಲು, ನಡುವೆ ಅಂಗೈ ಅಗಲ ಜಾಗ, ಮುಂದಿನ ಸಾಲಿನ ಸಂದಿಗೆ ಹಿಂದಿನ ಸಾಲಿನ ದಿಂಡು. ಅವನು ಗಡ್ಡ ಕೆರೆದುಕೊಂಡ. ಇಂಥದ್ದನ್ನು ಯಾವ ಕೋಳಿಯೂ ಕೇಳಿಲ್ಲವಲ್ಲ ಎಂದ. ಮಾಡಿಕೊಟ್ಟ.

ಗುರುವಾರ ಸಂಜೆ ಚೌಕಟ್ಟು ತಾರಸಿ ಹತ್ತಿತು. ಬದ್ರಿಯಾಳ ಮೂರು ಮಕ್ಕಳು, ಸಬ್ರಿಯಾ, ವಫೀಕಾ ಎಲ್ಲ ಸೇರಿ ಕಟ್ಟಿದರು. ತಗಡು ಇನ್ನೂ ನಿಂತೇ ಇತ್ತು. ಪರೀಕ್ಷೆ ಆಗದೆ ಅದನ್ನು ಬಿಚ್ಚುವುದಿಲ್ಲ ಎಂದಿದ್ದಳು ಬದ್ರಿಯಾ. ಚೌಕಟ್ಟಿನ ಆಚೆ ತನ್ನ ಹಿರಿಮಗಳನ್ನು ನಿಲ್ಲಿಸಿ, ಈಚೆ ಸಬ್ರಿಯಾಳನ್ನು ನಿಲ್ಲಿಸಿದಳು.

“ಏನು ಕಾಣ್ತಿದೆ ಹೇಳು.”

“ದಿಂಡು.”

“ಬಗ್ಗಿ ನೋಡು.”

“ದಿಂಡು.”

“ಗಂಡಸು ಥರ ನೋಡೇ, ಆಸೆ ಇಟ್ಕೊಂಡು!”

ಸಬ್ರಿಯಾ ಕತ್ತು ಉದ್ದ ಮಾಡಿದಳು, ಒಂದು ಕಣ್ಣು ಮುಚ್ಚಿದಳು, ಕುಕ್ಕರುಗಾಲಲ್ಲಿ ಕೂತಳು, ಕೊನೆಗೆ ಹೊಟ್ಟೆಯ ಮೇಲೆ ಮಲಗಿದಳು. “ಆಸೆ ಬೇಕಾದಷ್ಟಿದೆ ಕಣೇ. ಕಾಣ್ತಿರೋದು ದಿಂಡೇ!”

ಹಿರಿಮಗಳು ಆಚೆಯಿಂದ ನಗಲು ಶುರುಮಾಡಿದಳು. ಬದ್ರಿಯಾ ತೋಳು ಮೇಲೇರಿಸಿ ತಾನೇ ತಗಡಿನ ಮೊದಲ ಹಾಳೆಗೆ ಕೈ ಹಾಕಿದಳು.

ತಗಡು ಬಿಚ್ಚಿದ ಕಡೆಯಿಂದ ಗಾಳಿ ನುಗ್ಗಿತು. ಮೊದಲು ಬದ್ರಿಯಾಳ ಹಾಸಿಗೆಗಳ ಮೇಲೆ. ಚಾದರಗಳು ಎದ್ದು ನಿಂತವು. ಇಪ್ಪತ್ತು ಬೇಸಿಗೆ ಆ ಹೆಂಗಸು ತಗಡಿನ ಪಕ್ಕ ಬಾಣಲೆಯಲ್ಲಿ ಮಲಗಿದಂತೆ ಮಲಗಿದ್ದಳು. ಅವಳು ಕೈಯಲ್ಲಿ ತಗಡು ಹಿಡಿದುಕೊಂಡೇ ಕಣ್ಣು ಮುಚ್ಚಿ ನಿಂತಳು.

“ಅಯ್ಯೋ,” ಎಂದಳು ಮೆಲ್ಲಗೆ. “ಇದನ್ನ ಮೊದಲೇ ಯಾಕೆ ಕೇಳ್ಲಿಲ್ಲ ನೀನು?”

ವಫೀಕಾ ಕೇಳಿಸಿಕೊಳ್ಳಲು ಅಲ್ಲಿರಲಿಲ್ಲ. ಎರಡೆರಡು ಮೆಟ್ಟಿಲು ಹಾರುತ್ತ ಇಳಿಯುತ್ತಿದ್ದಳು: ತಾರಸಿ, ಮೇಲ್ಮನೆ, ಅಂಗಳ, ನೆಲಮಾಳಿಗೆ. ಕೊನೆಯ ಮೆಟ್ಟಿಲಲ್ಲಿ ನಿಂತಳು.

ದಾರ ಅವಳ ಕಡೆಗೆ ಚಾಚಿತ್ತು. ನೇರವಾಗಿ, ಬಿಗಿಯಾಗಿ, ಯಾರೋ ಅದರ ತುದಿ ಹಿಡಿದು ಸೂಜಿಗೆ ಪೋಣಿಸಲು ಅವಳಿಗೆ ಕೊಡುತ್ತಿರುವಂತೆ. ಬಾದ್ಗೀರಿನಿಂದ ತಣ್ಣನೆಯ ಗಾಳಿ ಸಳಸಳ ಇಳಿಯುತ್ತಿತ್ತು. ದಪ್ಪ ಗೋಡೆಯೊಳಗೆ ಬರುವಷ್ಟರಲ್ಲಿ ಅದು ತನ್ನ ಬಿಸಿಯನ್ನೆಲ್ಲ ಎಲ್ಲೋ ಬಿಟ್ಟು ಬಂದಿತ್ತು. ಮೇಜಿನ ಮೇಲಿನ ಕಾಗದದ ಅಚ್ಚುಗಳು ಹಾರಿ ಅರ್ಧಚಂದ್ರದ ಕಿಟಕಿಯ ಕಡೆ ಓಡಿದವು. ತೋಳೊಂದು, ಕಾಲರೊಂದು, ಬೆನ್ನೊಂದು. ಅವಳು ಹಿಡಿಯಲು ಹೋಗಲಿಲ್ಲ. ಹೋಗಲಿ ಬಿಡು, ಅವೂ ಒಂದು ಸಲ ಹಾರಲಿ.

*

ಶುಕ್ರವಾರವಿಡೀ ಗಾಳಿ ಬೀಸಿತು. ಶನಿವಾರ ಬೆಳಿಗ್ಗೆ ಅಂಗೈ ಒತ್ತಿದರೆ ಗೋಡೆ ಕೈಗೆ ಬಿಳಿಯ ಪುಡಿ ಕೊಟ್ಟಿತು, ನೀರು ಕೊಡಲಿಲ್ಲ. ಬುಡದಲ್ಲಿ ಇನ್ನೂ ಕಪ್ಪು ಪಟ್ಟಿ ಇತ್ತು. ಅದು ಆರಲು ಬೇಸಿಗೆ ಪೂರ್ತಿ ಬೇಕು. ಸಬ್ರಿಯಾ ಬಾದ್ಗೀರಿನ ಗೂಡಿನಲ್ಲಿ ಮಣ್ಣಿನ ನೀರಿನ ಹೂಜಿ ಇಟ್ಟಳು. ಮಷೀನುಗಳ ನಡುವೆ ಚಾಪೆ, ಮೇಲೊಂದು ತೆಳು ಹಾಸಿಗೆ, ದಿಂಬು. ಬದ್ರಿಯಾ ಮೂರೂ ಮಕ್ಕಳ ಕೋಟು ಹೊತ್ತು ತಂದಳು. ಗಲ್ಲಿಯ ಇನ್ನೂ ಮೂವರು ಹೆಂಗಸರು ಸೂಜಿ ಹಿಡಿದುಕೊಂಡು ಬಂದರು. ಹೊಲಿಯಲು ಎಂದು ಹೇಳಿದರು. ನೋಡಲು ಎಂದು ಯಾರೂ ಹೇಳಲಿಲ್ಲ.

ಜುಹರ್ ಬಾಂಗಿನ ಬೆನ್ನಿಗೇ ಹಿಕ್ಮತ್ ಬಂದ. ಹೊರಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಕಂಕುಳಲ್ಲಿ ಫ್ಲಾಸ್ಕು.

“ಊಟ ಬೇಡ,” ಎಂದ ಮೊದಲೇ. “ಗೊತ್ತು ನಿನ್ನ ಉಪಾಯ. ಬೆಂಡೆಕಾಯಿ ಸಾರು, ಅನ್ನ ತಿನ್ನಿಸಿ ಕೆಡವೋಣ ಅಂತ. ನಾನು ಕಡಕ್ ಚಹಾ ತಂದಿದೀನಿ.”

“ಕುಡಿಯಪ್ಪ. ಯಾರು ಬೇಡ ಅಂದ್ರು?”

ಇಳಿದು ಬಂದು ಹೆಂಗಸರ ಗುಂಪು ನೋಡಿ ಹುಬ್ಬೇರಿಸಿದ. “ಇದೇನು, ನಾನು ಮಲಗೋದನ್ನ ನೋಡೋಕೆ ಟಿಕೆಟ್ ಇಟ್ಟಿದೀಯಾ?”

“ನಿನ್ನನ್ನ ನೋಡಿ ನೋಡಿ ಸಾಕಾಗಿದೆ ಕಣಪ್ಪ,” ಎಂದಳು ಬದ್ರಿಯಾ. “ಇಪ್ಪತ್ತು ವರ್ಷದ ಹಿಂದೆ.”

ಅವನ ಕಿವಿ ಕೆಂಪಾಯಿತು. ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ. ಗೋಡೆಗೆ ಅಂಗೈ ಒತ್ತಿ ನೋಡಿಕೊಂಡ, ಕೈ ಒರೆಸಿಕೊಳ್ಳಲು ಹೋಗಿ ಒರೆಸಲು ಏನೂ ಇಲ್ಲದೆ ಸುಮ್ಮನಾದ. ಒಂದು ಲೋಟ ಚಹಾ ಕುಡಿದ. ಅಂಗಿಯ ಬೆನ್ನು ಒಣಗಿತು. ಇನ್ನೊಂದು ಲೋಟ ಕುಡಿದ. ಸಾಮಾನಿನ ಬೆಲೆ, ಟ್ಯಾಕ್ಸಿಯ ಗೇರ್‌ಬಾಕ್ಸು, ಹೆಂಡತಿಯ ಅಣ್ಣ, ಎಲ್ಲದರ ಬಗ್ಗೆ ಗಟ್ಟಿಯಾಗಿ ಮಾತಾಡಿದ. ವಫೀಕಾ ತಲೆ ಎತ್ತದೆ ಮಷೀನು ತುಳಿದಳು. ಈ ಗಟ್ಟಿಮಾತು ಬಿಸಿಲು ಇಳಿಯುವವರೆಗೂ ಎಳೆದರೆ ಮುಗಿಯಿತು. ಮೂರು ಮಷೀನನ್ನೂ ಹೊತ್ತುಕೊಂಡು ನಾಲ್ಕು ಮಹಡಿ ಹತ್ತುವ ಹಮಾಲನ ಬೆನ್ನು ಅವಳಿಗೆ ಕಾಣುತ್ತಿತ್ತು.

“ಕೂತ್ಕೊಂಡ್ರೆ ಬೆನ್ನು ನೋವು,” ಎಂದ ಹಿಕ್ಮತ್, ದಿಂಬಿಗೆ ಒರಗಿದ. “ಇದು ಮಲಗಿದ ಲೆಕ್ಕ ಅಲ್ಲ, ಗೊತ್ತಾಯ್ತಾ?”

“ಅಲ್ಲ, ಅಲ್ಲ,” ಎಂದರು ಎಲ್ಲರೂ.

“ಹಾಜಿ ರಜೂಕಿ ಏನಂದ ಗೊತ್ತಾ? ಅವನಂದ, ಈ ಮನೇಲಿ ಇರೋ ಇಟ್ಟಿಗೆ... ಇಟ್ಟಿಗೆ ಒಂದೇ ಸಾಕು... ಅದನ್ನ ತೆಗೆದು...”

ಎಲ್ಲ ಸೂಜಿಗಳೂ ನಿಂತವು.

“...ತೆಗೆದು...” ಎಂದ ಹಿಕ್ಮತ್. ಆಮೇಲೆ ಏನನ್ನು ತೆಗೆಯಬೇಕೆಂದು ಹೇಳಲಿಲ್ಲ.

ಮೊದಲ ಗೊರಕೆ ಅಂಜುತ್ತ ಬಂತು, ಬೇರೆ ಯಾರದೋ ಮನೆಗೆ ಬಂದ ನೆಂಟನಂತೆ. ಎರಡನೆಯದು ಮನೆಯವನಂತೆ ಬಂತು. ಮೂರನೆಯದಕ್ಕೆ ಹೂಜಿಯ ಮುಚ್ಚಳ ಅದುರಿತು. ಸಬ್ರಿಯಾ ಬಾಯಿಗೆ ತಲೆವಸ್ತ್ರದ ಅಂಚು ತುರುಕಿಕೊಂಡಳು, ಕಣ್ಣಲ್ಲಿ ನೀರು. ಬದ್ರಿಯಾ ಮದುವೆಮನೆಯ ಕೇಕೆ, ಉಲುಲು ಹಾಕಲು ನಾಲಿಗೆ ಎತ್ತಿದಳು. ವಫೀಕಾ ಬೆರಳು ಅಡ್ಡ ಹಿಡಿದಳು: ಇನ್ನೂ ಇಲ್ಲ. ಬಿಸಿಲು ಅಂಗಳ ಬಿಡಬೇಕು.

ಅರ್ಧಚಂದ್ರದ ಕಿಟಕಿಯಲ್ಲಿ ಬಿಸಿಲಿನ ಅಂಚು ಕಾಣುತ್ತಿತ್ತು. ಒಡೆದ ಟೈಲಿನ ಮೇಲೆ ಅದು ಗೇಣುಗೇಣಾಗಿ ಸರಿಯಿತು. ಆರು ಹೆಂಗಸರು ಕೋಟುಗಳನ್ನು ಬಿಚ್ಚಿದರು, ಹೊಲಿದರು, ಬಿಸಿಲು ನೋಡಿದರು. ಒಂದು ಸಲ ಹಿಕ್ಮತ್ ಹೊರಳಿದ. ಎಲ್ಲರ ಉಸಿರೂ ನಿಂತಿತು. ಅವನು ಕಣ್ಣು ತೆರೆಯಲಿಲ್ಲ. ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡ, ಭುಜ ಕುಗ್ಗಿಸಿದ, ನಿದ್ದೆಯಲ್ಲೇ ಕೈ ಚಾಚಿ ತಡಕಾಡಿದ. ಮಷೀನಿನ ಮೇಲಿಂದ ಇಳಿಬಿದ್ದಿದ್ದ ಒಂದು ಕೋಟಿನ ತೋಳು ಕೈಗೆ ಸಿಕ್ಕಿತು. ಬದ್ರಿಯಾಳ ಕಿರಿಮಗಳದು, ಬೂದು ಉಣ್ಣೆ. ಅದನ್ನು ಜಗ್ಗಿ ಎಳೆದುಕೊಂಡು ಗಲ್ಲದವರೆಗೆ ಹೊದ್ದು ಸುಖವಾಗಿ ನರಳಿದ.

ಸರಕಾರಿ ಥರ್ಮಾಮೀಟರಿನ ಪಾದರಸ ಕುದಿಯುವ ತಮ್ಮೂಜ್ ತಿಂಗಳಲ್ಲಿ, ಬಗ್ದಾದಿನಲ್ಲಿ, ಒಬ್ಬ ಮನುಷ್ಯ ಉಣ್ಣೆ ಕೋಟು ಹೊದೆದು ಮಲಗಿದ್ದ.

ಬಿಸಿಲು ಗೋಡೆ ಹತ್ತಿತು. ಅಂಗಳದ ಕೊನೆಯ ಟೈಲು ನೆರಳಾಯಿತು. ವಫೀಕಾ ಮಷೀನಿನಿಂದ ಎದ್ದಳು. ಬದ್ರಿಯಾಳ ಕಡೆ ತಿರುಗಿ ತಲೆದೂಗಿದಳು.

ಆ ಉಲುಲು ಗಲ್ಲಿಯಲ್ಲಿ ಇಂದಿಗೂ ಮಾತಾಡುವಂಥದ್ದು. ಆರು ಗಂಟಲು ಒಂದೇ ಸಲ. ಅದು ಇಟ್ಟಿಗೆಯ ಕಮಾನಿಗೆ ಬಡಿದು, ಕಿಟಕಿಯಿಂದ ಹೊರಬಿದ್ದು, ಅಂಗಳ ಹಾರಿತು. ಯಾರ ಮನೆಯಲ್ಲಿ ಮದುವೆ ಎಂದು ಜನ ಬಾಗಿಲಿಗೆ ಬಂದರು. ಹಿಕ್ಮತ್ ದಡಕ್ಕನೆ ಎದ್ದು ಕೂತ.

“ನಾನು ಮಲಗಿರಲಿಲ್ಲ! ಸುಮ್ನೆ ಕಣ್ಣು ಮುಚ್ಚಿದ್ದೆ!”

“ಹೌದೌದು,” ಎಂದಳು ಸಬ್ರಿಯಾ, “ಗೊರಕೆ ಹೊಡೆದಿದ್ದು ಗೋಡೆ.”

ಅವನು ಕಿಟಕಿಯಲ್ಲಿ ನೆರಳು ನೋಡಿದ. ಮೈಮೇಲಿನ ಕೋಟು ನೋಡಿದ. ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ಆರು ಮುಖಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ಅಕ್ಕನ ಮುಖದಲ್ಲಿ ನಿಂತ. ಬಹಳ ದಿನದ ಮೇಲೆ ಅವನ ಕಣ್ಣುಗಳು ಕೆಂಪಾಗಿರಲಿಲ್ಲ.

“ಅಕ್ಕಾ,” ಎಂದ, “ನಾಳೆ ಮಧ್ಯಾಹ್ನ ಇಲ್ಲಿ ಯಾರಾದ್ರೂ ಮಲಗ್ತಾರಾ?”

“ಇದು ಹೊಲಿಗೆ ಅಂಗಡಿ ಕಣೋ. ಜಾಗ ಇದ್ರೆ ನೋಡೋಣ.”

ಮೇಲೆ ಬೀದಿ ಬಾಗಿಲಿನ ಚಿಲಕ ಬಡಿಯಿತು. ಹಾಜಿ ರಜೂಕಿ ಬಂದಿದ್ದ. ಹಿಕ್ಮತ್ ನಿಟ್ಟುಸಿರು ಬಿಟ್ಟು ಮೆಟ್ಟಿಲು ಹತ್ತಿದ. ಹೆಂಗಸರೆಲ್ಲ ಅರ್ಧಚಂದ್ರದ ಕಿಟಕಿಗೆ ಮುಗಿಬಿದ್ದರು. ಅಲ್ಲಿಂದ ಎರಡು ಜೊತೆ ಕಾಲು ಮಾತ್ರ ಕಾಣುತ್ತಿತ್ತು, ಆದರೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಇದೇನಯ್ಯಾ ಹಿಕ್ಮತ್, ಈ ಸುಡುಬಿಸಿಲಲ್ಲಿ ಕೋಟು ಹೊದ್ದಿದೀಯಾ! ಜ್ವರವೇನು?”

ಹಿಕ್ಮತ್‌ನ ಕಾಲುಗಳು ಒಡೆದ ಟೈಲಿನ ಮೇಲೆ ಅತ್ತಿತ್ತ ಆಡಿದವು, ಆಮೇಲೆ ಗಟ್ಟಿಯಾಗಿ ಊರಿ ನಿಂತವು.

“ಜ್ವರ ಅಲ್ಲ ಹಾಜಿ,” ಎಂದ. “ಕೆಳಗೆ ಚಳಿ. ನಮ್ಮ ಮನೇಲಿ ಹಾಗೇ.”